ಘಟ್ಟದ ಗೇಟಿನ ಈಚೆಗೆ

ಆ ಘಟ್ಟಕ್ಕೆ ಒಂದು ಬಾಗಿಲಿದೆ. ಬಾಗಿಲೆಂದರೆ ಕೆಂಪು ಬಿಳಿ ಪಟ್ಟೆ ಬಳಿದ ಕಬ್ಬಿಣದ ಗೇಟು, ಅಷ್ಟೇ. ಬೇಸಿಗೆಯಲ್ಲಿ ರಸ್ತೆಯ ಪಕ್ಕದಲ್ಲಿ ಆಕಾಶ ನೋಡುತ್ತ ಸುಮ್ಮನೆ ನಿಂತಿರುತ್ತದೆ, ಯಾರೂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಚಳಿಗಾಲ ಬಂದಮೇಲೆ ಅದರ ದರ್ಬಾರು. ಮೇಲೆ ಬಯಲಿನಲ್ಲಿ ಗಾಳಿ ಎದ್ದು ಹಿಮವನ್ನು ಎತ್ತಿ ಎತ್ತಿ ಎಸೆಯತೊಡಗಿದರೆ ಗೇಟು ಅಡ್ಡ ಬೀಳುತ್ತದೆ, ಬಂದ ಕಾರುಗಳು ಅದರ ಮುಂದೆ ಸಾಲುಗಟ್ಟುತ್ತವೆ. ಆಮೇಲೆ ಹಳದಿ ದೀಪ ತಿರುಗಿಸುತ್ತ ಹಿಮ ಗುಡಿಸುವ ಲಾರಿ ಬರಬೇಕು. ಲಾರಿ ಮುಂದೆ, ಕಾರುಗಳು ಹಿಂದೆ, ತಾಯಿ ಬಾತಿನ ಬೆನ್ನಿಗೆ ಮರಿಗಳು ಹೊರಟ ಹಾಗೆ ಎಲ್ಲರೂ ಒಟ್ಟಿಗೇ ಘಟ್ಟ ದಾಟಬೇಕು. ಒಬ್ಬೊಬ್ಬರೇ ಹೋಗುತ್ತೇವೆಂದರೆ ಬಿಡುವುದಿಲ್ಲ.

ಫೆಬ್ರವರಿಯ ಆ ಶನಿವಾರ ಗುನ್‌ವೊರ್ ಗೇಟಿನ ಹತ್ತಿರ ಬಂದಾಗ ಒಂಬತ್ತು ಗಂಟೆ ದಾಟಿತ್ತು. ಸಾಲಿನಲ್ಲಿ ಅವಳದು ಏಳನೆಯ ಕಾರು. ಹನ್ನೊಂದಕ್ಕೆ ಒಂದು ಸಾಲು ಬಿಡುತ್ತಾರೆ, ಒಂದು ಗಂಟೆಗೆ ಇನ್ನೊಂದು ಎಂದು ರಸ್ತೆ ಬದಿಯ ಫಲಕದಲ್ಲಿ ದೀಪದ ಅಕ್ಷರಗಳು ಹೇಳುತ್ತಿದ್ದವು. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಹನ್ನೊಂದಕ್ಕೆ ಹೊರಟರೆ ಹನ್ನೆರಡೂವರೆಗೆ ಆಚೆಯ ಊರು ಸ್ಕಾರ್ದಾಲ್ ಸೇರಬಹುದು. ಅಲ್ಲಿ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಒಂದು ಗಂಟೆಯಿಂದ ಮೂರರವರೆಗೆ ಅವಳ ಮಗಳು ತಿರಿಲ್ ಕೂತಿರುತ್ತಾಳೆ.

ನಾಲ್ಕು ವರ್ಷದಿಂದ ಮಾತು ಬಿಟ್ಟ ಮಗಳು. ಅವಳ ಫೋನ್ ನಂಬರೂ ತಾಯಿಯ ಬಳಿ ಇರಲಿಲ್ಲ. ವಿಷಯ ತಂದವಳು ಗುನ್‌ವೊರ್‌ಳ ತಂಗಿ ಆಸ್ಲೌಗ್.

"ಒಂದೇ ಸಲ ಸಿಗ್ತೀನಿ ಅಂದಿದಾಳೆ ಕಣೇ ಗುನ್‌ವೊರ್," ಎಂದಿದ್ದಳು ಆಸ್ಲೌಗ್ ಫೋನಿನಲ್ಲಿ. "ಎರಡನೇ ಸಲ ಅನ್ನೋದು ಇಲ್ಲ. ಮೂರು ಗಂಟೆ ಬಸ್ಸಿಗೆ ವಾಪಸ್ ಓಸ್ಲೋಗೆ ಹೋಗ್ಬಿಡ್ತಾಳಂತೆ."

"ಬಂದೇ ಬರ್ತೀನಿ ಅಂತ ಹೇಳು."

"ನಾನೇನೂ ಹೇಳಲ್ಲ. ನಿಮ್ಮಿಬ್ಬರ ಮಧ್ಯೆ ಟಪಾಲು ಹೊತ್ತು ನಂಗೆ ಸಾಕಾಗಿದೆ. ಹೋಗೋದಾದ್ರೆ ಹೋಗು, ಇಲ್ದಿದ್ರೆ ಬಿಡು. ಹೋಗದೆ ಇದ್ದು ಆಮೇಲೆ ಕಾರಣ ಮಾತ್ರ ಕಳಿಸ್ಬೇಡ. ಅಮ್ಮನ ಕಾರಣ ಕೇಳೋಕೆ ನಂಗೆ ಇನ್ನು ಕಿವಿ ಇಲ್ಲ ಅಂತ ಅವಳೇ ಅಂದ್ಲು."

ಗುನ್‌ವೊರ್‌ಳ ಕಾರಣಗಳು ಒಂದಾದರೂ ಸುಳ್ಳಾಗಿರಲಿಲ್ಲ. ಅವಳು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ದಾದಿ. ಮಗಳು ಶಾಲೆಯಲ್ಲಿ ಹಾಡುವ ಸಂಜೆ ಯಾರದೋ ಸೊಂಟ ಮುರಿದಿರುತ್ತಿತ್ತು, ಹುಟ್ಟುಹಬ್ಬದ ದಿನ ಇನ್ಯಾರೋ ಉಸಿರಿಗೆ ಒದ್ದಾಡುತ್ತಿರುತ್ತಿದ್ದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಿರಿಲ್‌ಳ ಮನಸ್ಸು ಕುಸಿದು ಆಸ್ಪತ್ರೆ ಸೇರಿದಾಗ, ಭಾನುವಾರ ಬಂದು ನೋಡಲು ಅನುಮತಿ ಸಿಕ್ಕಿತ್ತು. ಆ ಭಾನುವಾರವೇ ಕೊಲ್ಲಿಯ ಪಕ್ಕದ ಮನೆಯ ಮುದುಕ ಮೆಟ್ಟಿಲಿನಿಂದ ಬಿದ್ದ. ಗುನ್‌ವೊರ್ ಮಗಳಿಗೆ ಫೋನ್ ಮಾಡಿ, ಬರಲಾಗುತ್ತಿಲ್ಲವೆಂದು ಹೇಳಿ, "ಅಲ್ಲಿ ಚೆನ್ನಾಗಿ ನೋಡ್ಕೋತಾರಲ್ವಾ?" ಎಂದು ಕೇಳಿದ್ದಳು. "ಹೂಂ ಅಮ್ಮ, ಪರವಾಗಿಲ್ಲ," ಎಂದಿದ್ದಳು ಮಗಳು. ಅದೇ ಕೊನೆಯ ಮಾತು.

ಹೀಗಾಗಿ ಈ ಸಲ ಗುನ್‌ವೊರ್ ಯಾವ ಕಾರಣವೂ ಹುಟ್ಟಿಕೊಳ್ಳಲು ಸಂದಿ ಬಿಟ್ಟಿರಲಿಲ್ಲ. ಕೆಲಸಕ್ಕೆ ಮೂರು ದಿನ ರಜೆ ಹಾಕಿದ್ದಳು. ಹಿಂದಿನ ರಾತ್ರಿ ಕಾರನ್ನು ಪೂರ್ತಿ ಚಾರ್ಜ್ ಮಾಡಿಟ್ಟಿದ್ದಳು. ಹವಾಮಾನ ನೋಡಿ, ಮತ್ತೆ ನೋಡಿ, ಎರಡು ಗಂಟೆ ಮೊದಲೇ ಹೊರಟಿದ್ದಳು. ಪಕ್ಕದ ಸೀಟಿನ ಡಬ್ಬಿಯಲ್ಲಿ ಬೆಣ್ಣೆ ಸಕ್ಕರೆ ಸವರಿ ಮಡಿಸಿದ ಲೆಫ್ಸೆ ರೊಟ್ಟಿ ಇತ್ತು. ಆಲೂಗಡ್ಡೆ ಬೇಯಿಸಿ, ನಾದಿ, ತೆಳ್ಳಗೆ ಲಟ್ಟಿಸಿ ಹಂಚಿನ ಮೇಲೆ ಸುಡುವಾಗ ಗಡಿಯಾರ ನೋಡುತ್ತಲೇ ಇದ್ದುದರಿಂದ ಒಂದೂ ದುಂಡಗಾಗಿರಲಿಲ್ಲ.

ಕಾರಿನ ಪರದೆ ಎಪ್ಪತ್ತೊಂದು ಪರ್ಸೆಂಟ್ ತೋರಿಸುತ್ತಿತ್ತು. ಧಾರಾಳವಾಗಿ ಸಾಕು. ಆದರೆ ಘಟ್ಟದ ಮೇಲೆ ಸಾಲು ಅರ್ಧದಲ್ಲಿ ನಿಂತರೆ ಏನು ಗತಿ, ಚಳಿಗೆ ಹೀಟರು ಎಲ್ಲವನ್ನೂ ಕುಡಿದುಬಿಟ್ಟರೆ? ವಿದ್ಯುತ್ ಕಾರಿನವರಿಗೆಲ್ಲ ಇರುವ ಈ ದಿಗಿಲು ಅವಳಿಗೆ ಇತರರಿಗಿಂತ ಹೆಚ್ಚೇ ಇತ್ತು. ಕಾರನ್ನು ಪೂರ್ತಿ ಆರಿಸಿದಳು. ಉಣ್ಣೆಯ ಕಂಬಳಿ ಹೊದ್ದು, ಘಟ್ಟದ ಸುದ್ದಿ ತಪ್ಪಬಾರದೆಂದು ರೇಡಿಯೊ ಒಂದನ್ನು ಮಾತ್ರ ಹಾಡಲು ಬಿಟ್ಟು, ಸುಮಾರು ಎರಡು ಗಂಟೆ ಕಾದಳು. ಮುಂದಿನ ಕಾರುಗಳ ಗಾಜಿನ ಮೇಲೆ ಹಿಮ ಕೂತು ಒಳಗಿನವರು ಮಸುಕಾದರು. ಅವಳು ಮಗಳ ಮುಖ ನೆನೆಯಲು ನೋಡಿದಳು. ಹತ್ತು ವರ್ಷದ ಮುಖವಷ್ಟೇ ಬರುತ್ತಿತ್ತು, ಇಪ್ಪತ್ತಮೂರರ ಮುಖ ಎಷ್ಟು ಕರೆದರೂ ಬರಲಿಲ್ಲ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಹಳದಿ ದೀಪ ಕಾಣಿಸಿತು. ಲಾರಿಯ ಚಾಲಕ ತೊರ್‌ಗೈರ್ ಕೆಳಗಿಳಿದು, ಎದೆಯವರೆಗಿನ ಗಡ್ಡದಲ್ಲಿ ಹಿಮ ಸಿಕ್ಕಿಸಿಕೊಂಡು, ಒಂದೊಂದೇ ಕಾರಿನ ಕಿಟಕಿ ಬಡಿಯುತ್ತ ಬಂದ. ಈ ಮನುಷ್ಯ ಹೂಂ ಎಂದರೆ ಘಟ್ಟ, ಊಹೂಂ ಎಂದರೆ ಮನೆ.

ಗುನ್‌ವೊರ್ ಬಾಗಿಲು ತೆರೆದಳು.

"ಬೆಚ್ಚಗಿನ ಬಟ್ಟೆ ಇದ್ಯಾ?" ಎಂದ.

"ಇದೆ."

"ಚಾರ್ಜು?"

"ಎಪ್ಪತ್ತೊಂದು."

"ಹಂಗಾದ್ರೆ ನೀವು ನನ್ನ ಲಾರಿನೂ ಎಳ್ಕೊಂಡು ಹೋಗ್ಬಹುದು. ಹೊರಡಿಸಿ."

ಅವಳು ಬ್ರೇಕ್ ತುಳಿದು ಗುಂಡಿ ಒತ್ತಿದಳು. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಎಲ್ಲೋ ಬಾಗಿಲುಗಳೊಳಗಿಂದ ಟಕಟಕ ಎಂದು ಹಲ್ಲು ಕಡಿದಂಥ ಸದ್ದು ಬಂತು, ಅದೂ ನಿಂತಿತು. ಮತ್ತೆ ಒತ್ತಿದಳು. ಏನೂ ಇಲ್ಲ. ರೇಡಿಯೊ ಕೂಡ ಯಾವಾಗ ಬಾಯಿ ಮುಚ್ಚಿತ್ತೋ ಅವಳಿಗೆ ತಿಳಿದಿರಲಿಲ್ಲ.

ತೊರ್‌ಗೈರ್ ತಲೆ ಒಳಗೆ ಹಾಕಿ ನೋಡಿದ. "ರೇಡಿಯೊ ಹಾಕ್ಕೊಂಡು ಕೂತಿದ್ರಾ, ಕಾರು ಆಫ್ ಮಾಡಿ?"

"ಚಾರ್ಜ್ ಉಳಿಯತ್ತೆ ಅಂತ."

"ಉಳಿದಿದೆಯಲ್ಲ, ಬೇಕಾದಷ್ಟು ಉಳಿದಿದೆ." ಅವನು ನಗಲಿಲ್ಲ. "ದೊಡ್ಡ ಬ್ಯಾಟರಿ ಹೊಟ್ಟೆ ತುಂಬಿಸ್ಕೊಂಡು ಮಲಗಿದೆ. ಅದನ್ನ ಎಬ್ಬಿಸೋದು ಚಿಕ್ಕ ಬ್ಯಾಟರಿ ಕೆಲಸ. ನಿಮ್ಮ ರೇಡಿಯೊ ತಿಂದಿದ್ದು ಅದನ್ನ. ಆ ಚಿಕ್ಕದು ಸತ್ತರೆ ಈ ಕಾರು ಬರೀ ಕಬ್ಬಿಣ."

ಹಿಂದಿನ ಡೀಸೆಲ್ ಗಾಡಿಯಿಂದ ಒಬ್ಬ ಗಂಡಸು ಬ್ಯಾಟರಿಗೆ ಸಿಕ್ಕಿಸುವ ತಂತಿಗಳನ್ನು ಹಿಡಿದು ಇಳಿದ. ಅವನ ಹೆಂಡತಿ ಮಾತಿಲ್ಲದೆ ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು. ಬಾನೆಟ್ ತೆರೆದು, ಕೈಗವಸು ಬಾಯಲ್ಲಿ ಕಚ್ಚಿಕೊಂಡು ಗಂಡಸರಿಬ್ಬರೂ ತಂತಿ ಸಿಕ್ಕಿಸಿದರು. ಪರದೆ ಬೆಳಗಿತು. ಫ್ಯಾನು ಗುರ್ರೆಂದಿತು. ಗುನ್‌ವೊರ್‌ಳ ಕೈ ಆಗಲೇ ಸೀಟ್ ಬೆಲ್ಟಿಗೆ ಹೋಗಿತ್ತು. ಆಮೇಲೆ ಪರದೆಯ ಮೇಲೆ ಒಂದು ಕೆಂಪು ಸಾಲು ಮೂಡಿತು: ಚಾಲನೆ ಸಾಧ್ಯವಿಲ್ಲ, ರಿಪೇರಿಯವರನ್ನು ಕರೆಯಿರಿ. ಮತ್ತೆ ಕತ್ತಲು. ಎರಡು ಸಲ ಪ್ರಯತ್ನಿಸಿದರು, ಎರಡು ಸಲವೂ ಅಷ್ಟೇ.

"ಆಗಲ್ಲ," ಎಂದು ತೊರ್‌ಗೈರ್ ಗಡಿಯಾರ ನೋಡಿದ. "ಗಾಳಿ ಏರ್ತಾ ಇದೆ. ನಾನು ಹೊರಡಬೇಕು."

ಡೀಸೆಲ್ ಗಾಡಿಯ ಹೆಂಗಸು ಕಿಟಕಿ ಇಳಿಸಿದಳು. "ನೀವು ನಮ್ಮ ಜತೆ ಬನ್ನಿ. ಹಿಂದೆ ನಾಯಿ ಮಲಗಿದೆ, ಎಬ್ಬಿಸಿದ್ರೆ ಜಾಗ ಆಗತ್ತೆ."

"ಹೋಗಿ," ಎಂದ ತೊರ್‌ಗೈರ್. "ಕೀ ಕಾರಲ್ಲೇ ಬಿಡಿ. ಎಳೆಯೋ ಗಾಡಿಯೋರು ಬಂದು ತಗೊಂಡು ಹೋಗ್ತಾರೆ. ಅದೇನು ಎದ್ದು ಓಡಿ ಹೋಗತ್ತಾ?"

ಗುನ್‌ವೊರ್ ಹಿಂದಿನ ಸೀಟು ನೋಡಿದಳು. ಮುದಿ ನಾಯಿ, ಮೂತಿಯೆಲ್ಲ ಬೆಳ್ಳಗಾಗಿತ್ತು, ಮಡಿಸಿದ ಕಂಬಳಿಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು. ಅದರ ಬೆನ್ನಿಗೆ ಸ್ಕೀಗಳು, ಸಾಮಾನಿನ ಚೀಲಗಳು. ಇವಳು ಕೂರಬೇಕಾದರೆ ಸ್ಕೀ ತೆಗೆಯಬೇಕು, ಚೀಲ ಹೊರಳಿಸಬೇಕು, ನಾಯಿ ಏಳಬೇಕು, ಇಪ್ಪತ್ತು ಕಾರು ಕಾಯಬೇಕು. ಮಗಳು ಕಾಯುತ್ತಿದ್ದಾಳೆ ಎಂದು ಮನಸ್ಸು ಒಳಗೆ ಗೋಗರೆಯುತ್ತಿತ್ತು. ಆದರೆ ಬಾಯಿಗೆ ಅದರದೇ ರೂಢಿ. ಐವತ್ತೇಳು ವರ್ಷದಿಂದ ಯಾರು ಏನು ಕೊಡಲು ಬಂದರೂ ಅದು ಹೇಳುತ್ತ ಬಂದದ್ದು ಒಂದೇ ಮಾತು.

"ಇಲ್ಲ ಇಲ್ಲ, ಪರವಾಗಿಲ್ಲ. ಎಳೆಯೋ ಗಾಡಿಗೆ ಫೋನ್ ಮಾಡ್ತೀನಿ. ಸರಿ ಮಾಡ್ಸಿ ಒಂದು ಗಂಟೆ ಸಾಲಲ್ಲಿ ಬರ್ತೀನಿ. ನೀವು ಹೊರಡಿ."

"ನಿಜವಾಗ್ಲೂ?"

"ನಿಜವಾಗ್ಲೂ. ಎಲ್ಲ ಸರಿಯಾಗಿದೆ."

ಅವಳ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಬೆಟ್ಟದೊಳಗೆ ವಾಸಿಸುವ ಜನ ದಾರಿಹೋಕರನ್ನು ಮೂರು ಸಲ ಕರೆಯುತ್ತಿದ್ದರು. ಮೂರನೆಯ ಕರೆಗೆ ಓಗೊಟ್ಟವರಿಗೂ ಬಾಗಿಲು ತೆರೆಯುತ್ತಿತ್ತು. ಬೆಟ್ಟದ ಹೊರಗಿನ ಜನ ಹಾಗಲ್ಲ. ಇಲ್ಲಿಯವರು ಒಂದು ಸಲ ಕೇಳುತ್ತಾರೆ, ಹೆಚ್ಚೆಂದರೆ ನಿಜವೇ ಎಂದು ಇನ್ನೊಂದು ಸಲ. ಬೇಡವೆಂದರೆ ಆ ಮಾತನ್ನು ನಂಬುತ್ತಾರೆ, ನಂಬುವುದೇ ಮರ್ಯಾದೆ. ಮೇಲೆ ಬಿದ್ದು ಒತ್ತಾಯ ಮಾಡಿದರೆ ನಿಮ್ಮ ಮಾತಿಗೆ ಬೆಲೆಯಿಲ್ಲ ಎಂದಂತೆ.

ಹೆಂಗಸು ತಲೆಯಾಡಿಸಿ ಕಿಟಕಿ ಏರಿಸಿದಳು. ಗೇಟು ಎದ್ದಿತು. ಹಿಂದಿನ ಕಾರುಗಳು ಅವಳ ನೀಲಿ ಕಾರನ್ನು ಬಳಸಿಕೊಂಡು ಒಂದೊಂದಾಗಿ ಮುಂದೆ ಹೋದವು. ಪ್ರತಿಯೊಬ್ಬರೂ ಕೈಯೆತ್ತಿದರು, ಅವಳೂ ಎತ್ತಿದಳು. ಕೊನೆಯ ಕಾರಿನ ಕೆಂಪು ದೀಪ ಬಿಳಿಯೊಳಗೆ ಕರಗಿತು, ಗೇಟು ಬಿತ್ತು.

ಆಗ ಅವಳಿಗೆ ತಾನೇನು ಮಾಡಿದೆನೆಂದು ತಿಳಿಯಿತು. ನಾಲ್ಕು ಹೆಜ್ಜೆ ಓಡಿದಳು ಕೂಡ. ಗೇಟಿನ ಕಬ್ಬಿಣ ಹಿಡಿದು ನಿಂತಳು, ಗಾಳಿ ಮುಖಕ್ಕೆ ಹಿಮ ರಾಚಿತು. ಕೂಗಲು ಹೆಸರಾದರೂ ಯಾರದು?

ಒಂದು ಗಂಟೆಯ ಸಾಲಿದೆ, ಎಂದು ತನಗೆ ತಾನೇ ಹೇಳಿಕೊಂಡಳು. ಎರಡೂವರೆಗೆ ಅಲ್ಲಿರುತ್ತೇನೆ. ಅರ್ಧ ಗಂಟೆ ಸಿಗುತ್ತದೆ. ಅರ್ಧ ಗಂಟೆ ಏನು ಕಡಿಮೆಯೇ.

ಎಳೆಯುವ ಗಾಡಿಯವರ ಫೋನಿನಲ್ಲಿ ಒಂದು ಎಳೆ ಹೆಣ್ಣುದನಿ ಸಿಕ್ಕಿತು.

"ಕಾರನ್ನ ನ್ಯೂಟ್ರಲ್‌ಗೆ ಹಾಕ್ತೀರಾ?"

"ಆಗ್ತಿಲ್ಲ. ಪೂರ್ತಿ ಸತ್ತಿದೆ."

"ಪರದೇಲಿ ಸೆಟ್ಟಿಂಗ್ಸ್ ಅಂತ ಇರತ್ತೆ ನೋಡಿ."

"ಪರದೆನೇ ಸತ್ತಿರೋದು."

"ಓ. ಹಾಗಾದ್ರೆ ಕೈಪಿಡಿ ನೋಡ್ಬಹುದಲ್ಲ?"

"ಕೈಪಿಡಿ ಪರದೆ ಒಳಗಿದೆ," ಎಂದಳು ಗುನ್‌ವೊರ್.

ಆಚೆ ಕಡೆ ಪೆನ್ನು ಕೆಳಗಿಟ್ಟ ಸದ್ದಾಯಿತು. "ಗಾಡಿ ಕಳಿಸ್ತೀವಿ," ಎಂದಿತು ದನಿ.

ಗಾಡಿ ಬಂದದ್ದು ಹನ್ನೆರಡೂ ಇಪ್ಪತ್ತಕ್ಕೆ, ಅವಳು ಬಂದ ಅದೇ ಕೆಳಗಿನ ಕಣಿವೆಯಿಂದ. ಚಾಲಕ ಸೀವರ್ಟ್ ದಪ್ಪ ಆಸಾಮಿ, ಇಳಿಯುವ ಮೊದಲೇ ಮಾತು ಶುರುಮಾಡಿದ್ದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತನ್ನ ಪೆಟ್ಟಿಗೆಯ ತಂತಿ ಸಿಕ್ಕಿಸಿ, ಅದೇ ಕೆಂಪು ಸಾಲು ಓದಿ ನಾಲಿಗೆ ಲೊಚಗುಟ್ಟಿದ.

"ಈ ವಾರ ಇದು ಐದನೇದು ತಾಯಿ. ಹಿಂದೆ ಕಾರು ಕೆಟ್ರೆ ಸುತ್ತಿಗೇಲಿ ಎಲ್ಲೋ ಒಂದು ಕಡೆ ಬಡಿದ್ರೆ ಹೊರಡೋದು. ಇದಕ್ಕೆ ಬಡಿಯೋದಾದ್ರೂ ಎಲ್ಲಿ?"

"ಹತ್ತು ನಿಮಿಷದಲ್ಲಿ ಏನಾದ್ರೂ ಆಗತ್ತಾ? ನಾನು ಒಂದು ಗಂಟೆ ಸಾಲಲ್ಲಿ ಹೋಗ್ಬೇಕು."

"ಹೊಸ ಬ್ಯಾಟರಿ ಹಾಕ್ಬೇಕು, ಆಮೇಲೆ ಕಂಪ್ಯೂಟರಿಗೆ ಪೂಜೆ ಮಾಡ್ಬೇಕು. ಸೋಮವಾರದ ಮಾತು."

"ಹಾಗಾದ್ರೆ ಕಾರು ನೀವು ತಗೊಂಡು ಹೋಗಿ. ನಾನು ಇಲ್ಲೇ ನಿಂತು, ಯಾರಾದ್ರೂ ಬಂದ್ರೆ ಅವರ ಜತೆ..."

ಅವಳು ಈ ಮಾತು ಆಡಿದ್ದೇ ದೊಡ್ಡದು. ಆಡಿ ಮುಗಿಸುವ ಮೊದಲೇ ಫಲಕದ ದೀಪಗಳು ಕದಲಿದವು. ಒಂದು ಗಂಟೆ ಎನ್ನುವ ಅಕ್ಷರಗಳು ಅಳಿಸಿ, ಘಟ್ಟ ಮುಚ್ಚಿದೆ ಎನ್ನುವ ಎರಡೇ ಪದ ಬಂದು ಕೂತವು. ಸೀವರ್ಟ್ ತನ್ನ ಗಾಡಿಯ ರೇಡಿಯೊದಲ್ಲಿ ಯಾರೊಡನೆಯೋ ಮಾತಾಡಿ ಬಂದ.

"ಮೇಲೆ ಏನೂ ಕಾಣ್ತಿಲ್ಲವಂತೆ. ತೊರ್‌ಗೈರ್ ಆಚೆ ಬದೀಲೇ ಉಳ್ಕೊಂಡಿದಾನೆ. ನಾಳೆ ತೆಗೆದರೆ ತೆಗೀತಾರೆ."

"ಬೇರೆ ದಾರಿ?"

"ದಕ್ಷಿಣದ ಘಟ್ಟ. ಐದು ಗಂಟೆ, ಅದೂ ಮುಚ್ಚಿಲ್ದಿದ್ರೆ."

"ನಿಮ್ಗೆ ನನ್ನ ಈ ಗೇಟು ದಾಟಿಸೋಕಾಗತ್ತಾ? ಎಷ್ಟು ಕೇಳಿದ್ರೂ ಕೊಡ್ತೀನಿ."

ಸೀವರ್ಟ್ ಈಗ ಅವಳ ಮುಖ ಸರಿಯಾಗಿ ನೋಡಿದ. ತಮಾಷೆಯ ಮಾತು ಬಾಯಿಗೆ ಬಂದದ್ದನ್ನು ನುಂಗಿದ. "ಆಗಲ್ಲ ತಾಯಿ. ನಾನು ಹೋಗ್ತೀನಿ ಅಂದ್ರೂ ಸಾಯೋದು ಇಬ್ರೂ."

ಸತ್ತ ಕಾರಿನ ಚಕ್ರಗಳು ಬೀಗ ಹಾಕಿಕೊಂಡಿದ್ದವು, ಉರುಳುವಂತಿರಲಿಲ್ಲ. ನೆಲದ ಮೇಲೆ ಎಳೆದರೆ ಮೋಟಾರು ಸುಡುತ್ತದೆಂದು ಅವನು ನಾಲ್ಕು ಚಕ್ರಗಳಿಗೂ ಪ್ಲಾಸ್ಟಿಕ್ಕಿನ ಜಾರುಹಲಗೆ ತೊಡಿಸಿದ. ಮಂಡಿಯೂರಿ, ಹಾರೆಯಿಂದ ಮೀಟಿ, ಒಂದೊಂದಕ್ಕೂ ಹತ್ತು ನಿಮಿಷ ಹಿಡಿಯಿತು. ಉಕ್ಕಿನ ಹಗ್ಗ ಬಿಗಿದು ನೀಲಿ ಕಾರು ಕಾಲು ಮಡಿಸದೆ, ಎಳೆದಷ್ಟೂ ಹಟ ಮಾಡುತ್ತ, ಇಳಿಜಾರು ಹಲಗೆಯ ಮೇಲೆ ಒಂದೊಂದೇ ಗೇಣು ಏರಿತು. ಗುನ್‌ವೊರ್ ಡಬ್ಬಿಯನ್ನು ಎದೆಗವಚಿಕೊಂಡು ನೋಡುತ್ತ ನಿಂತಿದ್ದಳು. ಒಂದು ಗಂಟೆಯಾಯಿತು. ಈಗ ತಿರಿಲ್ ಒಳಗೆ ಬಂದು, ಬಾಗಿಲು ಕಾಣುವ ಕಡೆ ಕುರ್ಚಿ ಎಳೆದುಕೊಂಡಿರುತ್ತಾಳೆ. ಅಥವಾ ಬಾಗಿಲಿಗೆ ಬೆನ್ನು ಹಾಕಿ. ಯಾವುದೆಂದು ಹೇಳುವಷ್ಟು ಕೂಡ ತಾಯಿಗೆ ಮಗಳು ಗೊತ್ತಿರಲಿಲ್ಲ.

ಒಂದೂವರೆಗೆ ಹೊರಟರು. ಎಳೆಯುವ ಗಾಡಿ ತಿರುಗಲು ಜಾಗ ಸಾಲದೆ ಮೂರು ಸಲ ಹಿಂದೆ ಮುಂದೆ ಮಾಡಿ ಮೂತಿಯನ್ನು ಕೆಳಗೆ, ಅವಳ ಊರಿನ ಕಡೆಗೆ ಹೊರಳಿಸಿತು. ಗಾಡಿ ಒಂದು ತಿರುವು ಇಳಿದರೆ ಅವಳ ಎದೆಯಲ್ಲಿ ಏನೋ ಒಂದು ಮೆಟ್ಟಿಲು ಇಳಿಯುತ್ತಿತ್ತು.

ಸೀವರ್ಟ್ ಫ್ಲಾಸ್ಕಿನ ಕಾಫಿ ಕೊಟ್ಟ. ಬೇಡವೆಂದಳು. ಚಳಿ ಹಿಡಿದಿದೆ ನಿಮಗೆ, ಹೀಟರು ಜಾಸ್ತಿ ಮಾಡಲೇ ಎಂದ. ಬೇಡವೆಂದಳು. ಅವನು ತನ್ನ ಹೆಂಡತಿಯ ಮಂಡಿನೋವಿನ ಕಥೆ ತೆಗೆದು, ಯಾರೂ ಕೇಳುತ್ತಿಲ್ಲವೆಂದು ಗೊತ್ತಾಗಿ ನಡುವೆಯೇ ಬಿಟ್ಟ.

ಅವಳು ಆಸ್ಲೌಗ್‌ಗೆ ಸಂದೇಶ ಬರೆಯತೊಡಗಿದಳು. ಚಿಕ್ಕ ಬ್ಯಾಟರಿ ಸತ್ತಿತೆಂದು ಬರೆದಳು. ತಂತಿ ಹಾಕಿದರೂ ಏಳಲಿಲ್ಲವೆಂದು, ಹನ್ನೆರಡೂ ನಲವತ್ತಕ್ಕೆ ಘಟ್ಟ ಮುಚ್ಚಿದರೆಂದು, ಬೇಕಾದರೆ ರಸ್ತೆ ಇಲಾಖೆಯ ಪುಟ ನೋಡಬಹುದೆಂದು ಬರೆದಳು. ಎಲ್ಲವೂ ನಿಜ. ಓದಿ ನೋಡಿದರೆ ಅವಳು ಜನ್ಮವಿಡೀ ಕಳಿಸುತ್ತ ಬಂದ ಅದೇ ಸಂದೇಶ, ಮುದುಕನ ಜಾಗದಲ್ಲಿ ಬ್ಯಾಟರಿ ಇತ್ತು ಅಷ್ಟೇ. ಅಳಿಸಿದಳು. ಎರಡು ಗಂಟೆಯಾಯಿತು. ಎರಡೂವರೆ. ಕೊಲ್ಲಿಯ ನೀರು ಕಾಣಿಸಿತು, ಸೀಸದ ಬಣ್ಣ. ಮುಂದೆ ಎಲ್ಲೋ ಗುಡ್ಡದ ಹಿಮ ಜರಿದು ರಸ್ತೆಗೆ ಬಿದ್ದಿದ್ದರಿಂದ ಅವರು ಇಪ್ಪತ್ತು ನಿಮಿಷ ಸುಮ್ಮನೆ ನಿಲ್ಲಬೇಕಾಯಿತು. ಅಲ್ಲಿ ನಿಂತಿರುವಾಗಲೇ ಮೂರು ಹೊಡೆಯಿತು. ಏನೂ ಆಗಲಿಲ್ಲ. ವೈಪರು ಗಾಜಿನ ಮೇಲೆ ಆಚೆ ಈಚೆ ಹೋಗುತ್ತಲೇ ಇತ್ತು.

ಮೂರೂ ಹತ್ತಕ್ಕೆ ಆಸ್ಲೌಗ್ ತಾನಾಗಿಯೇ ಫೋನ್ ಮಾಡಿದಳು.

"ಬಸ್ಸಿನಿಂದ ಮಾತಾಡಿದ್ಲು," ಎಂದಳು.

"ಆಸ್ಲೌಗ್, ಘಟ್ಟ..."

"ಮುಚ್ಚಿದ್ದು ಗೊತ್ತು. ಅವಳಿಗೂ ಗೊತ್ತು. ಬೆಳಿಗ್ಗೆಯಿಂದ ಫೋನಲ್ಲಿ ಘಟ್ಟದ ಕ್ಯಾಮೆರಾ ನೋಡ್ತಾ ಕೂತಿದ್ಲಂತೆ, ನಿನ್ನ ನೀಲಿ ಕಾರು ಎಲ್ಲಿದೆ ಅಂತ. ಮುಚ್ಚಿದ್ರು ಅಂತ ನೋಡಿ, ಸರಿ, ಈ ಸಲ ಅಮ್ಮನ ತಪ್ಪಲ್ಲ ಅಂತನೂ ಅಂದ್ಕೊಂಡ್ಲಂತೆ." ಆಸ್ಲೌಗ್‌ಳ ದನಿ ಮೆತ್ತಗಾಯಿತು, ಅದೇ ಹೆಚ್ಚು ಭಯವಾಯಿತು. "ಗುನ್‌ವೊರ್, ಒಂದು ಕೇಳ್ತೀನಿ. ಯಾರಾದ್ರೂ ನಿನ್ನ ಕೂರಿಸ್ಕೊಂಡು ಹೋಗ್ತೀವಿ ಅಂದಿದ್ರಾ?"

ಗುನ್‌ವೊರ್ ಮಡಿಲಿನ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದಳು.

"ಅವಳ ಪಕ್ಕದ ಮೇಜಿಗೆ ಗಂಡ ಹೆಂಡ್ತಿ ಬಂದು ಕೂತರಂತೆ. ನಾಯಿ ಇತ್ತಂತೆ ಜತೆಗೆ. ಆ ಹೆಂಗಸು ಹೋಟೆಲಿನವಳ ಹತ್ರ ಹೇಳ್ತಾ ಇದ್ದಳಂತೆ, ಪಾಪ, ಒಬ್ಬರ ಕಾರು ಗೇಟಿನ ಹತ್ರ ಕೆಟ್ಟೋಯ್ತು, ಬನ್ನಿ ಅಂತ ಕರೆದ್ವಿ, ಎಲ್ಲ ಸರಿಯಾಗಿದೆ ನೀವು ಹೊರಡಿ ಅಂದ್ರು, ಏನೂ ಅವಸರ ಇರ್ಲಿಲ್ಲ ಅನ್ಸತ್ತೆ ಅಂತ. ತಿರಿಲ್ ಕೇಳಿದ್ಲಂತೆ, ಯಾವ ಬಣ್ಣದ ಕಾರು ಅಂತ."

ಸೀವರ್ಟ್ ಮುಂದೆ ರಸ್ತೆಯನ್ನೇ ನೋಡುತ್ತಿದ್ದ. ಗಾಡಿಯೊಳಗೆ ಫೋನಿನ ಮಾತು ಅವನಿಗೂ ಕೇಳುತ್ತಿತ್ತು.

"ಅತ್ತಳಾ?" ಎಂದಳು ಗುನ್‌ವೊರ್ ಕೊನೆಗೆ.

"ಇಲ್ಲ. ಏನೂ ಇಲ್ಲ. ಇದನ್ನಷ್ಟು ಹೇಳಿ, ಇನ್ನು ಸಾಕು ಅಂದ್ಲು." ಆಮೇಲೆ ಆಸ್ಲೌಗ್ ಕೇಳಿದಳು, "ಏನಂತ ಹೇಳ್ಲಿ ಅವಳಿಗೆ? ನಾನು ಟಪಾಲು ಹೊರಲ್ಲ ಅಂದಿದ್ದೆ. ಇದೊಂದು ಸಲ ಹೊರ್ತೀನಿ. ಹೇಳು."

ಗುನ್‌ವೊರ್ ತನ್ನೊಳಗೆ ಹುಡುಕಿದಳು. ಅಲ್ಲಿ ಬ್ಯಾಟರಿ ಇತ್ತು, ಗಾಳಿ ಇತ್ತು, ಗೇಟು ಇತ್ತು. ಅವುಗಳ ಹಿಂದೆ ಎಲ್ಲಕ್ಕಿಂತ ಸಣ್ಣದಾಗಿ ಒಂದು ಮುದಿ ನಾಯಿ ಮಲಗಿತ್ತು.

"ಅವರು ಕರೆದ್ರು," ಎಂದಳು. "ಜಾಗನೂ ಇತ್ತು. ನಾಯಿ ಮಲಗಿತ್ತು. ಎಬ್ಬಿಸ್ಬೇಕಾಗತ್ತಲ್ಲ ಅಂತ ನಾನೇ ಬೇಡ ಅಂದೆ."

"ನಾಯಿ," ಎಂದಳು ಆಸ್ಲೌಗ್.

"ಹೂಂ."

"ಇದನ್ನೇ ಹೇಳ್ಲಾ ಅವಳಿಗೆ?"

"ಅದೇ ನಡೆದದ್ದು."

ಆಸ್ಲೌಗ್‌ಳ ಅಡುಗೆಮನೆಯಲ್ಲಿ ನಲ್ಲಿ ಸೋರುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಫೋನು ಕಡಿದು ಅದೂ ನಿಂತಿತು.

ಗುನ್‌ವೊರ್ ಫೋನನ್ನು ತೊಡೆಯ ಮೇಲಿಟ್ಟುಕೊಂಡಳು. ಕಣ್ಣೀರು ಬಂದರೆ ಮುಖ ತಿರುಗಿಸೋಣವೆಂದು ಕಿಟಕಿಯ ಕಡೆ ವಾಲಿದಳು, ಬರಲಿಲ್ಲ. ಕೊಲ್ಲಿಯ ಆಚೆ ದಡದ ಮನೆಗಳಲ್ಲಿ ದೀಪ ಹಚ್ಚತೊಡಗಿದ್ದರು. ಅವುಗಳಲ್ಲಿ ಅರ್ಧ ಮನೆಗಳ ಒಳಗು ಅವಳಿಗೆ ಗೊತ್ತು; ಯಾರ ಔಷಧಿ ಯಾವ ಕಪಾಟಿನಲ್ಲಿದೆ, ಯಾರಿಗೆ ಎಡಮಗ್ಗುಲಿಗೆ ಮಲಗಿದರೆ ನಿದ್ರೆ ಬರುತ್ತದೆ, ಎಲ್ಲ ಗೊತ್ತು.

ಸೀವರ್ಟ್ ಏನಾದರೂ ಬೇಕೇ ಎಂದು ಕೇಳಲು ಬಾಯಿ ತೆರೆದ. ಅವಳ ಕಡೆ ನೋಡಿದ. ಈ ಸೀಮೆಯವನಲ್ಲವೇ ಅವನೂ, ದಾರಿಯಲ್ಲಿ ಆಗಲೇ ಎರಡು ಸಲ ಕೇಳಿದ್ದಾಗಿತ್ತು. ಬಾಯಿ ಮುಚ್ಚಿಕೊಂಡು, ಗೇರು ಬದಲಿಸಿ, ಅವಳ ಊರಿನ ರಸ್ತೆಗೆ ಗಾಡಿ ಹೊರಳಿಸಿದ.